ವಂಶಾವಳಿಗಳೂ ಹೆಳವರ ಹೊತ್ತಗೆಗಳೂ

ಸುಗ್ಗಿಯ ಕಾಲದಲ್ಲಿ ಎತ್ತಿನೊಡನೆ ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ತೊಡಗಿ ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಹೇಳುವ ಹೆಳವನನ್ನು ಹಳ್ಳಿಯ ಸಂಬಂಧವುಳ್ಳ ನಮ್ಮ ವಾಚಕರು ಬಲ್ಲರು. ಅವನಿಗೆ ಒಂದಿಷ್ಟು ಕಾಳು, ಒಂದು ಬಟ್ಟೆ, ಅನುಕೂಲವಿದ್ದ ಮನೆಯಲ್ಲಿ ಒಂದು ಕುರಿಯೋ ಕರುವೋ ಸಲ್ಲುವುದು. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರುಗಳನ್ನು ಅವನು ತನ್ನ ಹೊತ್ತಗೆಯಲ್ಲಿ ಬರೆದುಕೊಳ್ಳುವನು. ಪಟ್ಟಣವಾಸಿಗಳು ಇದನ್ನು ಭಿಕ್ಷಾವೃತ್ತಿಯೆಂದು ಎಣಿಸುವುದುಂಟು. ಕೊಂಡ್ಲಹಳ್ಳಿಯಂತಹ ಊರಿನ ಒಕ್ಕಲಿಗೆ ಹೆಳವನ ಹೊತ್ತಗೆಯು, ಒಂದು ಮಹಾಚಕ್ರಾಧಿಪತ್ಯಕ್ಕೆ ಅದರ ರಾಜದಫ್ತರವು ಯಾವುದಾಗಿತ್ತೋ ಅದೇ ಆಗಿದೆಯೆಂಬುದು ನಮ್ಮ ಅಭಿಪ್ರಾಯ. ಇದನ್ನು ವಿಶದಪಡಿಸಲು ವಾಚಕರನ್ನು ಮೊದಲು ಚೀನದ ರಾಜಧಾನಿಗೂ ಅನಂತರ ಚಿತ್ರದುರ್ಗದ ಕೋಟೆಗೂ ಕರೆದೊಯ್ಯಬೇಕಾಗಿದೆ.

1644ರಿಂದ 1912ರವರೆಗೆ ಬೀಜಿಂಗಿನ ಸಿಂಹಾಸನದಲ್ಲಿದ್ದವರು ಹಾನ್ ಚೀನೀಯರಲ್ಲ. ಮಹಾಗೋಡೆಯ ಈಶಾನ್ಯಕ್ಕಿರುವ ಸೀಮೆಯಿಂದ ಬಂದ ಮಂಚೂ ಜನರು. ಆ ರಾಜಮನೆತನದ ಕುಲನಾಮ ಐಸಿನ್ ಗಿಯೋರೊ. ಐಸಿನ್ ಎಂದರೆ ಅವರ ನುಡಿಯಲ್ಲಿ ಚಿನ್ನ. ಮನೆತನದ ಏಳಿಗೆಗೆ ಕಾರಣನಾದ ನೂರ್ಹಾಚಿಯು (1559–1626) ಮೊದಲು ಒಂದು ಸಣ್ಣ ಪಂಗಡದ ನಾಯಕ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಾಳೆಯಗಾರ. ಆದರೆ ಅರಸುತನ ಬಂದ ಮೇಲೆ ಮೂಲವೂ ದಿವ್ಯವಾಗಬೇಕಷ್ಟೆ. ಸರೋವರದಲ್ಲಿ ಮೀಯುತ್ತಿದ್ದ ಮೂವರು ದೇವಕನ್ಯೆಯರಲ್ಲಿ ಕಿರಿಯಳು, ಹಕ್ಕಿಯೊಂದು ತಂದಿಟ್ಟ ಕೆಂಪು ಹಣ್ಣನ್ನು ತಿಂದು ಬಸಿರಾಗಿ ಹೆತ್ತ ಮಗನೇ ತಮ್ಮ ಮೂಲಪುರುಷನೆಂದು ಅವರು ಬರೆಯಿಸಿದರು.

ಕಥೆ ಹೇಗಾದರೂ ಇರಲಿ, ಲೆಕ್ಕ ಮಾತ್ರ ಬಿಗಿಯಾಗಿತ್ತು. ರಾಜವಂಶದ ವ್ಯವಹಾರಕ್ಕೆಂದೇ ಒಂದು ಪ್ರತ್ಯೇಕ ಕಚೇರಿ. 1661ರಿಂದ ತೊಡಗಿ ಹತ್ತು ವರ್ಷಗಳಿಗೊಮ್ಮೆ ಇಡೀ ಕುಲದ ವಂಶಾವಳಿಯನ್ನು ಹೊಸದಾಗಿ ಬರೆಯುವ ಕಟ್ಟಳೆ. ಚೀನೀಯರಿಗೆ ಅತಿಪ್ರಿಯವಾದ ಜೇಡ್ ಶಿಲೆಯ ಹೆಸರಿನಿಂದ ಅದನ್ನು ಜೇಡ್ ದಫ್ತರವೆಂದು ಕರೆಯುತ್ತಿದ್ದರು. ಬದುಕಿರುವವರ ಹೆಸರು ಕೆಂಪು ಮಸಿಯಲ್ಲಿ, ಅಳಿದವರದು ಕಪ್ಪು ಮಸಿಯಲ್ಲಿ. ನೂರ್ಹಾಚಿಯ ತಂದೆಯಿಂದ ಇಳಿದುಬಂದವರಿಗೆ ಹಳದಿಯ ನಡುಕಟ್ಟು. ದೂರದ ದಾಯಾದಿಗಳಿಗೆ ಕೆಂಪು. ದಫ್ತರದಲ್ಲಿ ಹೆಸರಿದ್ದವನಿಗೆ ಮಾಸಾಶನ, ಇಲ್ಲದವನಿಗೆ ಇಲ್ಲ.

ಇಷ್ಟೊಂದು ಬಿಗಿಯಿದ್ದೂ ರಕ್ತಸಂತಾನವು ಕಡೆಯವರೆಗೆ ನೆಟ್ಟಗೆ ಇಳಿಯಲಿಲ್ಲ. 1875ರಲ್ಲಿ ಚಕ್ರವರ್ತಿಯು ಮಕ್ಕಳಿಲ್ಲದೆ ತೀರಿಕೊಂಡಾಗ ರಾಜಮಾತೆ ತ್ಸೂಶಿಯು ದಾಯಾದಿಯ ಮನೆಯ ಶಿಶುವೊಂದನ್ನು ತಂದು ಪಟ್ಟಕ್ಕೆ ಕೂರಿಸಿದಳು. 1908ರಲ್ಲಿ ಆತನೂ ನಿಸ್ಸಂತಾನನಾಗಿ ಸಾಯಲು, ಮೂರು ವರ್ಷ ತುಂಬದ ಪುಯಿಯನ್ನು ಆರಿಸಿದವಳೂ ಅವಳೇ. 1912ರಲ್ಲಿ ಈ ಬಾಲಕನ ಹೆಸರಿನಲ್ಲಿ ಸಿಂಹಾಸನತ್ಯಾಗವಾಯಿತು. ಆದರೂ ಅರಮನೆಯ ಗೋಡೆಗಳ ಒಳಗೆ ದಫ್ತರದ ಬರವಣಿಗೆಯು ನಿಲ್ಲದೆ, 1921ರಲ್ಲಿ ಕೊನೆಯ ಸಲ ನಡೆಯಿತು. 1924ರಲ್ಲಿ ಪುಯಿಯನ್ನು ಅರಮನೆಯಿಂದ ಹೊರಗಟ್ಟಿದರು. ಕುಲದವರಲ್ಲಿ ಅನೇಕರು ಚಿನ್ನವೆಂಬ ಅರ್ಥದ ಚೀನೀ ಹೆಸರನ್ನಿಟ್ಟುಕೊಂಡು ಜನಸಾಗರದಲ್ಲಿ ಬೆರೆತುಹೋದರು. ದೊರೆತನ ಹೋದ ಮೇಲೆ ದಫ್ತರವನ್ನು ಮುಂದುವರಿಸುವವರು ಯಾರೂ ಇರಲಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಕೊಂಡ್ಲಹಳ್ಳಿಯಿರುವ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳಿವೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆಯದು. ಅದರಲ್ಲಿ ಅರಸನ ಸ್ವಂತ ಹೆಸರಿಲ್ಲ, ದೇವಾನಾಂಪ್ರಿಯನೆಂಬ ಬಿರುದು ಮಾತ್ರ. ಆರ್ಯಪುತ್ರನ ಹೆಸರೂ ಇಲ್ಲ. ತಂದೆ ತಾತಂದಿರ ಸುದ್ದಿಯಂತೂ ಇಲ್ಲವೇ ಇಲ್ಲ. ಅಕ್ಷರಗಳನ್ನು ಬರೆದ ಲಿಪಿಕಾರ ಚಪಡನ ಹೆಸರು ಮಾತ್ರ ಸ್ಪಷ್ಟವಾಗಿ ಉಳಿದಿದೆ. ವಂಶವನ್ನು ಹೇಳಿಕೊಳ್ಳುವ ಅಗತ್ಯವು ಅಷ್ಟು ದೊಡ್ಡ ಅರಸನಿಗೆ ಕಾಣಲಿಲ್ಲವೇನೋ.

ಪಾಳೆಯಗಾರರಿಗೆ ಅದು ಕಂಡಿತು. ಚಿತ್ರದುರ್ಗದ ನಾಯಕರು ವಾಲ್ಮೀಕಿ ಕುಲದ ಕಾಮಗೇತಿ ವಂಶದವರು. ತಿರುಪತಿಯ ಕಡೆಯ ಜಡಿಕಲ್ಲು ದುರ್ಗದಿಂದ ಹಿರಿಯರು ಇತ್ತ ಬಂದರೆಂಬುದು ಐತಿಹ್ಯ. ಮತ್ತಿ ತಿಮ್ಮಣ್ಣನಾಯಕನು ವಿಜಯನಗರದ ಅರಸರಿಂದ ನಾಯಕತನವನ್ನು ಪಡೆದನು. ಅಲ್ಲಿಂದ 1779ರವರೆಗಿನ ವಂಶಾವಳಿಯನ್ನು ಓದುವವರು ಮೊದಲು ಗಮನಿಸತಕ್ಕದ್ದು, ಅದು ಎಷ್ಟು ಸಲ ಕಡಿದು ಎಷ್ಟು ಸಲ ಬೆಸೆಯಲ್ಪಟ್ಟಿದೆಯೆಂಬುದನ್ನು. ರೂಢಿಯ ಕಾಲಗಣನೆಯಂತೆ 1674ರಲ್ಲಿ ಮದಕರಿನಾಯಕನೊಬ್ಬನು ಮಕ್ಕಳಿಲ್ಲದೆ ತೀರಿಕೊಳ್ಳಲು ದತ್ತುಪುತ್ರನಾದ ಓಬಣ್ಣನಾಯಕನಿಗೆ ಪಟ್ಟವಾಯಿತು. ಸೈನ್ಯಕ್ಕೆ ವಾಡಿಕೆಯಾಗಿ ಸಲ್ಲಬೇಕಾದ ಉಡುಗೊರೆಗಳು ಸಲ್ಲಲಿಲ್ಲವೆಂದು ದಳವಾಯಿಗಳು ವರ್ಷ ತುಂಬುವುದರೊಳಗೆ ಅವನನ್ನು ಕೊಂದರು. ಅವನ ಹಿಂದೆ ಬಂದ ಶೂರಕಾಂತನಾಯಕನ ಆಳ್ವಿಕೆಯೂ ಬಹುಬೇಗ ಮುಗಿಯಿತು. ಮುಂದೆ 1686ರಿಂದ 1689ರವರೆಗಿನ ಮೂರೇ ವರ್ಷಗಳಲ್ಲಿ ಗದ್ದಿಗೆಯು ಪುನಃ ಕೈಯಿಂದ ಕೈಗೆ ಹೋಯಿತು. ಬಿಳಿಚೋಡಿನ ಭರಮಣ್ಣನಾಯಕನ ಮೂವತ್ತೆರಡು ವರ್ಷಗಳಲ್ಲಿ ರಾಜ್ಯಕ್ಕೆ ನೆಮ್ಮದಿಯೂ ದೇವಾಲಯಗಳೂ ಕೆರೆಗಳೂ ದೊರೆತುವು. 1748ರಲ್ಲಿ ಮಾಯಕೊಂಡದ ರಣದಲ್ಲಿ ಮತ್ತೊಬ್ಬ ಮದಕರಿನಾಯಕನು ಬಿದ್ದನು. ಅವನ ಉತ್ತರಾಧಿಕಾರಿಯಾದ ಕಸ್ತೂರಿರಂಗಪ್ಪನಾಯಕನಿಗೂ ಸಂತಾನವಿರಲಿಲ್ಲ. ಆಗ ಜಾನಕಲ್ಲಿನ ಶಾಖೆಯಿಂದ ಬಾಲಕನೊಬ್ಬನನ್ನು ಕರೆತಂದು ಪಟ್ಟಗಟ್ಟಿದರು. ಕನ್ನಡಿಗರೆಲ್ಲರೂ ಇಂದು ಅಭಿಮಾನದಿಂದ ನೆನೆಯುವ ಕೊನೆಯ ಮದಕರಿನಾಯಕನು ಇವನೇ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆವು. ಔರಸಪುತ್ರನಿಲ್ಲದ ಸಂಸ್ಥಾನವು ತಮ್ಮದೆಂದು ಸಾರಿ 1848ರಲ್ಲಿ ಸಾತಾರವನ್ನೂ 1854ರಲ್ಲಿ ಝಾನ್ಸಿಯನ್ನೂ ನುಂಗಿದ ಡಾಲ್‌ಹೌಸಿಯ ನ್ಯಾಯವನ್ನು ದುರ್ಗಕ್ಕೆ ಅನ್ವಯಿಸಿದರೆ, ಅದರ ಇತಿಹಾಸವು 1674ರಲ್ಲಿಯೇ ಮುಗಿಯಬೇಕಾಗಿತ್ತು. ಮದಕರಿಯು ಹುಟ್ಟಿಯೂ ಪ್ರಯೋಜನವಿರುತ್ತಿರಲಿಲ್ಲ. ಮೈಸೂರಿನಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಸ್ವೀಕರಿಸಿದ ದತ್ತುವಿಗೆ ಆಂಗ್ಲ ಸರ್ಕಾರದ ಒಪ್ಪಿಗೆ ದೊರೆಯುವುದಕ್ಕೆ 1867 ಬರಬೇಕಾಯಿತು. ವಂಶವೆಂದರೆ ಬರಿಯ ರಕ್ತವೆಂದು ನಮ್ಮವರು ಎಂದೂ ಎಣಿಸಲಿಲ್ಲ. ಜನರು ಒಪ್ಪಿ ಗದ್ದಿಗೆಗೆ ಏರಿಸಿದವನು ಮನೆಯ ಮಗ.

1779ರಲ್ಲಿ ದುರ್ಗವು ಹೈದರಾಲಿಯ ವಶವಾಯಿತು. ನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದುದಲ್ಲದೆ, ಸಾವಿರಾರು ಬೇಡರನ್ನು ಊರು ಬಿಡಿಸಿ ಅತ್ತ ಸಾಗಿಸಿ, ಹುಡುಗರನ್ನು ಚೇಲರ ಪಡೆಗಳಿಗೆ ಸೇರಿಸಿದರು. ಮಂಚೂ ಮನೆತನವು ಸಿಂಹಾಸನವನ್ನು ಕಳೆದುಕೊಂಡರೂ ಅದರ ಕಾಗದಗಳು ಬೀಜಿಂಗಿನ ಸರ್ಕಾರಿ ಪತ್ರಾಗಾರದಲ್ಲಿ ಭದ್ರವಾಗಿವೆ. ನಮಗೆ ಅಂತಹ ಭಾಗ್ಯವಿಲ್ಲ. ಬಖೈರು, ಚದರಿದ ಶಿಲಾಶಾಸನಗಳು, ಜನರ ಬಾಯಿಮಾತು, ಇವುಗಳಿಂದಲೇ ವಂಶಾವಳಿಯನ್ನು ಕೂಡಿಸಬೇಕಾಯಿತು. ಅಮಲ್ದಾರರಾಗಿ ಸರ್ಕಾರಿ ಕೆಲಸವನ್ನು ಮಾಡುತ್ತಲೇ ಪಾಳೆಯಗಾರರ ಚರಿತ್ರೆಯನ್ನು ಅರಸಿದ ಎಂ. ಎಸ್. ಪುಟ್ಟಣ್ಣನವರಿಗೂ, ದುರ್ಗದ ಆಧಾರಗಳನ್ನು ಹುಡುಕಿದ ಹುಲ್ಲೂರು ಶ್ರೀನಿವಾಸ ಜೋಯಿಸರಿಗೂ ನಾಡು ಋಣಿಯಾಗಿದೆ. ಆದರೂ ಕೊನೆಯ ಮದಕರಿಗೆ ಪಟ್ಟವಾದುದು 1754ರಲ್ಲೆಂದು ಕೆಲವರೂ 1758ರಲ್ಲೆಂದು ಕೆಲವರೂ ಬರೆಯುವರು. ಒನಕೆಯಿಂದ ಶತ್ರುಗಳನ್ನು ತಡೆದ ಕಹಳೆಯವನ ಮಡದಿ ಓಬವ್ವೆಯ ಹೆಸರನ್ನಂತೂ ಯಾವ ಅರಸುದಫ್ತರವೂ ಬರೆದಿಡಲಿಲ್ಲ. ಜನರು ಬಾಯಿಂದ ಬಾಯಿಗೆ ದಾಟಿಸಿ ಉಳಿಸಿದರು.

ಹೆಳವನ ಹೊತ್ತಗೆಯ ಬೆಲೆಯು ಈಗ ತಿಳಿಯಬಹುದು. ಅರಸನ ವಂಶಾವಳಿಯು ಅರಸುತನದೊಡನೆ ನಿಂತುಹೋಗುವುದು. ಒಕ್ಕಲಿನ ವಂಶಾವಳಿಯನ್ನು ಹೆಳವನು ವಿಜಯನಗರ ಬಿದ್ದರೂ ದುರ್ಗ ಬಿದ್ದರೂ ಕುಂಪಣಿ ಬಂದುಹೋದರೂ ಬರೆಯುತ್ತಲೇ ಬಂದನು. ಯಾವ ಊರಿನಿಂದ ಯಾವ ಊರಿಗೆ ಬಂದರು, ಬೆಡಗು ಯಾವುದು, ಮನೆದೇವರು ಯಾವುದು, ಎಲ್ಲಿ ಕವಲೊಡೆಯಿತು ಎಂಬುದು ಅವನಲ್ಲಿ ದೊರೆಯುವುದು. ಅದೆಲ್ಲವೂ ನಿಜವೆಂದು ನಾವು ಹೇಳುವುದಿಲ್ಲ. ಕೊಡುವ ಕೈಯನ್ನು ಮೆಚ್ಚಿಸುವ ಉತ್ಪ್ರೇಕ್ಷೆಯು ಅಲ್ಲಿಯೂ ಉಂಟು. ಮಂಚೂಗಳ ಕೆಂಪು ಹಣ್ಣಿಗಿಂತ ಹೆಚ್ಚೇನೂ ಅಲ್ಲ. ಶಾಸನಗಳೊಡನೆಯೂ ಕಂದಾಯದ ಹಳೆಯ ಲೆಕ್ಕಗಳೊಡನೆಯೂ ಹೋಲಿಸಿ ಜೊಳ್ಳನ್ನು ತೂರುವುದು ವಿದ್ವಾಂಸರ ಕೆಲಸ.

ನಾಡಕಚೇರಿಗಳಲ್ಲಿ ಪೌತಿ ಖಾತೆಗಾಗಿ ವಂಶವೃಕ್ಷದ ದೃಢೀಕರಣವನ್ನು ಕೊಡುವ ಅಧಿಕಾರಿಗಳು, ಎರಡು ಮೂರು ತಲೆಮಾರುಗಳನ್ನು ಹೇಳುವುದಕ್ಕೇ ಅರ್ಜಿದಾರನು ಎಷ್ಟು ತಡವರಿಸುವನೆಂಬುದನ್ನು ದಿನವೂ ನೋಡುತ್ತಿರುವರು. ಹತ್ತು ತಲೆಮಾರುಗಳನ್ನು ಹೇಳಬಲ್ಲವನು ಮಾತ್ರ ಕುಲವೃತ್ತಿಯನ್ನು ಬಿಡುತ್ತಿದ್ದಾನೆ. ಹೆಳವರ ಮಕ್ಕಳು ಶಾಲೆಗೆ ಹೋಗುವರು, ಬೇರೆ ಕಸುಬುಗಳನ್ನು ಹಿಡಿಯುವರು. ಅದು ಸಂತೋಷದ ವಿಷಯವೇ ಸರಿ; ಮಗನು ಎತ್ತಿನ ಹಿಂದೆ ಊರೂರು ಅಲೆಯಲೆಂದು ಹೇಳುವ ಅಧಿಕಾರವು ನಮಗಿಲ್ಲ. ಆದರೆ ತಂದೆಯ ಹೊತ್ತಗೆಯು ಗೆದ್ದಲಿನ ಪಾಲಾಗಬಾರದು.

ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ರಾಜ್ಯ ಪತ್ರಾಗಾರವೂ ಚಿತ್ರದುರ್ಗದ ಜಿಲ್ಲಾಡಳಿತವೂ ಕೂಡಿ, ಮೊಳಕಾಲ್ಮೂರು ಚಳ್ಳಕೆರೆ ತಾಲ್ಲೂಕುಗಳಿಂದಲೇ ಈ ಕೆಲಸವನ್ನು ಆರಂಭಿಸಲೆಂದು ನಾವು ಸೂಚಿಸುವೆವು. ಹೆಳವನಿಗೆ ತಕ್ಕ ಸಂಭಾವನೆಯು ಸಲ್ಲಬೇಕು. ಬದುಕಿರುವವರ ಹೆಸರುಗಳನ್ನು ಮನೆಯವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದು. ಹೊತ್ತಗೆಯು ಅವನ ಜೀವನೋಪಾಯವಾದುದರಿಂದ ಅದನ್ನು ಕಚೇರಿಗೆ ತರಿಸಿಕೊಳ್ಳದೆ, ಸುಗ್ಗಿಯಲ್ಲಿ ಅವನು ಬೀಡುಬಿಟ್ಟಿರುವ ಊರಿಗೇ ಹೋಗಿ, ಅವನ ಎದುರಿನಲ್ಲಿಯೇ ಪುಟಪುಟವಾಗಿ ಛಾಯಾಚಿತ್ರವನ್ನು ತೆಗೆದು, ಅಂದೇ ಅವನ ಕೈಗೆ ಹಿಂದಿರುಗಿಸತಕ್ಕದ್ದು.