ಊರಿನ ಹೊಲಕ್ಕೆ ಮೂರು ವರ್ಷದ ಆಸರೆ

ರಜೆಗೆ ಊರಿಗೆ ಹೋದಾಗಲೆಲ್ಲ ನಮ್ಮಲ್ಲಿ ಹಲವರ ಮನೆಯಲ್ಲಿ ಏಳುವ ಮಾತು ಒಂದೇ: ಜಮೀನನ್ನು ಏನು ಮಾಡುವುದು? ಅಪ್ಪನಿಗೆ ವಯಸ್ಸಾಗಿದೆ, ಆಳು ಸಿಗುವುದಿಲ್ಲ, ಗೊಬ್ಬರದ ಅಂಗಡಿಯ ಬಾಕಿ ಬೆಳೆಯುತ್ತಿದೆ. ಸಾವಯವಕ್ಕೆ ಬದಲಾಗೋಣವೆಂದರೆ, ಇಳುವರಿ ಬಿದ್ದರೆ ಮನೆ ನಡೆಯುವುದು ಹೇಗೆ ಎಂದು ಹಿರಿಯರು ಕೇಳುತ್ತಾರೆ.

ಅವರ ಅಂಜಿಕೆಗೆ ಕಾರಣವಿದೆ. ದೇಶದ ಸಾವಯವ ನಿಯಮದಲ್ಲಿ ರಾಗಿ, ಭತ್ತದಂಥ ಬೆಳೆಗೆ 2 ವರ್ಷ, ಅಡಿಕೆ, ತೆಂಗಿನಂಥ ಬೆಳೆಗೆ 3 ವರ್ಷ ಪರಿವರ್ತನೆಯ ಅವಧಿ. ಆಗ ಇಳುವರಿ ಕುಗ್ಗಬಹುದು, ಪೂರ್ತಿ ಸಾವಯವದ ಬೆಲೆಯೂ ಸಿಗದು. ರೈತ ಸೋತು ಹಿಂದೆ ಸರಿಯುವುದು ಇಲ್ಲಿಯೇ.

ಈ ಹೊರೆಯನ್ನು ಒಬ್ಬನೇ ಹೊರಬೇಕಿಲ್ಲ. ಕಂಪನಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ, 10 ಮಂದಿ ರೈತರು ಸೇರಿ ಉತ್ಪಾದಕರ ಕಂಪನಿ ಕಟ್ಟಬಹುದು. ರೈತ ಸದಸ್ಯರಿಗೆ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಬೆಂಗಳೂರಿನ ಸಹಜ ಸಮೃದ್ಧ ಬಳಗ ಇದಕ್ಕೆ ಒಳ್ಳೆಯ ಉದಾಹರಣೆ. ಜಿ. ಕೃಷ್ಣಪ್ರಸಾದ್ ಅವರ ಮುಂದಾಳತ್ವದಲ್ಲಿ ದೇಸಿ ಭತ್ತ, ಸಿರಿಧಾನ್ಯಗಳ ಬೀಜ ಉಳಿಸುತ್ತ ಬಂದ ಈ ಬಳಗದ ರೈತರು, ಮಾರಾಟಕ್ಕೆಂದೇ ತಮ್ಮ ಒಡೆತನದ ಉತ್ಪಾದಕರ ಕಂಪನಿಯನ್ನೂ ಕಟ್ಟಿಕೊಂಡರು. ಬೀಜ ಉಳಿಸಿದರೆ ಸಾಲದು, ಬೆಳೆದದ್ದಕ್ಕೆ ಮಾರುಕಟ್ಟೆಯೂ ಬೇಕು ಎಂಬುದು ಅವರಿಂದ ಕಲಿಯಬೇಕಾದ ಪಾಠ.

ಔಷಧಾಲಯದಲ್ಲಿ ನಾವು ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡದೆ ಒಂದು ಮಾತ್ರೆಯನ್ನೂ ಕೊಡುವುದಿಲ್ಲ. ಸಾವಯವಕ್ಕೂ ಇಂಥ ಗುರುತು ಬೇಕು. ಪಿಜಿಎಸ್ ಪದ್ಧತಿಯಲ್ಲಿ ಕನಿಷ್ಠ 5 ಮಂದಿ ರೈತರ ಗುಂಪು ಒಬ್ಬರ ಹೊಲವನ್ನೊಬ್ಬರು ನೋಡಿ ಖಾತ್ರಿ ಕೊಡುತ್ತಾರೆ, ಖರ್ಚು ಕಡಿಮೆ. ಆದರೆ ಅದು ದೇಶದೊಳಗಿನ ಮಾರಾಟಕ್ಕೆ ಮಾತ್ರ. ಸಾವಯವವೆಂದು ರಫ್ತು ಮಾಡಲು ಎನ್‌ಪಿಒಪಿ ಪ್ರಮಾಣಪತ್ರವೇ ಬೇಕು. ಊರಿನ ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲೆ ಸಾವಯವದ ಅಧಿಕೃತ ಚಿಹ್ನೆ ಇದೆಯೇ ನೋಡಿ.

ಇನ್ನು ನಮ್ಮ ಪಾಲು. ಅನಿವಾಸಿ ಭಾರತೀಯರಾದ ನಾವು ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳಲು ವಿದೇಶಿ ವಿನಿಮಯದ ಕಾನೂನು ಬಿಡುವುದಿಲ್ಲ. ‘ತೋಟದಲ್ಲಿ ಪ್ಲಾಟ್ ಕೊಳ್ಳಿ, ಲಾಭ ಗ್ಯಾರಂಟಿ’ ಎನ್ನುವವರ ಮಾತಿಗೆ ಮರುಳಾಗಿ ದುಡಿದ ಹಣ ಕಳೆದುಕೊಳ್ಳಬೇಡಿ. ಪಿತ್ರಾರ್ಜಿತ ಭೂಮಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಉತ್ಪಾದಕರ ಕಂಪನಿಯ ಸದಸ್ಯತ್ವ ಬೆಳೆಗಾರರಿಗೆ ಮಾತ್ರ. ಹಾಗಾಗಿ ಊರಲ್ಲಿ ಸಾಗುವಳಿ ಮಾಡುತ್ತಿರುವ ಅಪ್ಪನೋ ಅಣ್ಣನೋ ಸೇರಲಿ. ಸೇರುವ ಮುನ್ನ ಮೂರು ವಿಷಯ ವಿಚಾರಿಸಲಿ: ಲೆಕ್ಕಪತ್ರ ಪ್ರತಿವರ್ಷ ಆಡಿಟ್ ಆಗುತ್ತದೆಯೇ, ಮಾಲು ಕೊಟ್ಟ ಎಷ್ಟು ದಿನಕ್ಕೆ ಹಣ ಬರುತ್ತದೆ, ಕೊಳ್ಳುವವರು ಯಾರು.

ಎಲ್ಲ ಜಮೀನನ್ನೂ ಒಮ್ಮೆಗೇ ಬದಲಿಸುವುದು ಬೇಡ, ಒಂದು ಎಕರೆ ಸಾಕು. ಆ ಎಕರೆಯಲ್ಲಿ ಕುಗ್ಗುವ ಆದಾಯವನ್ನು ಪರಿವರ್ತನೆ ಮುಗಿಯುವವರೆಗೆ ತುಂಬಿಕೊಡುತ್ತೇವೆ ಎಂದು ನಾವು ಮೊದಲೇ ಮಾತು ಕೊಡೋಣ. ಮನೆ ಕಟ್ಟಲು, ಮದುವೆ ಮಾಡಲು ಕಳಿಸುವ ಹಣದಲ್ಲಿ ಒಂದು ಸಣ್ಣ ಪಾಲು ಮಣ್ಣಿಗೂ ಸಲ್ಲಲಿ. ದುಡಿಮೆ ಮುಗಿಸಿ ನಾವು ಹಿಂತಿರುಗಬೇಕಾದದ್ದು ಅದೇ ಮಣ್ಣಿಗೆ ತಾನೆ.