ಸವೆದ ಕಲ್ಲು, ಖಾಲಿ ಕೋಶ: ಶಾಸನ ಪಟ್ಟಿ ಮಾಡುವವರಿಗೆ ಒಂದಿಷ್ಟು ಡಿಬಿಎಂಎಸ್

ಶಾಸನಾಸಕ್ತರಲ್ಲಿ ಬಹಳಷ್ಟು ಜನ ತಮ್ಮದೇ ಒಂದು ಎಕ್ಸೆಲ್ ಪಟ್ಟಿ ಇಟ್ಟುಕೊಂಡಿರುತ್ತಾರೆ. ಊರು, ತಾಲೂಕು, ಅರಸ, ಕಾಲ, ಷರಾ. ಐವತ್ತು ಅರವತ್ತು ಕಲ್ಲು ಇರುವವರೆಗೆ ಅದೇ ಸಾಕು. ಐನೂರು ದಾಟಿದ ಮೇಲೆ ನಾವು ಪಟ್ಟಿಗೆ ಪ್ರಶ್ನೆ ಕೇಳೋಕೆ ಶುರು ಮಾಡ್ತೇವೆ: ಈ ತಾಲೂಕಿನಲ್ಲಿ ಹೊಯ್ಸಳರವು ಎಷ್ಟು, ಉಳಿದವು ಎಷ್ಟು? ಬಂದ ಉತ್ತರವನ್ನು ಲೇಖನದಲ್ಲಿ ಹಾಕ್ತೇವೆ, ಯಾರೋ ಅದನ್ನು ಇನ್ನೊಂದು ಕಡೆ ಉಲ್ಲೇಖಿಸ್ತಾರೆ. ಆ ಸಂಖ್ಯೆ ಹೇಗೆ ಬಂತು ಅಂತ ಆಮೇಲೆ ಯಾರೂ ಕೇಳುವುದಿಲ್ಲ.

ಪಟ್ಟಿ ಕಟ್ಟೋದು ಹೇಗೆ, ಅದಕ್ಕೆ ಪ್ರಶ್ನೆ ಕೇಳೋದು ಹೇಗೆ ಎಂಬುದನ್ನೇ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡಿಬಿಎಂಎಸ್ ಎಂಬ ಹೆಸರಿನಲ್ಲಿ ಒಂದು ಸೆಮಿಸ್ಟರ್ ಕಲಿಸುತ್ತಾರೆ. ಇದರ ಬುನಾದಿ 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಬರೆದ ಒಂದು ಪ್ರಬಂಧ. ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಲ್ಲಿ ಇಡಿ, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ನಂಟು ಅದರೊಳಗಿನ ಬೆಲೆಗಳಿಂದಲೇ ಬರಲಿ, ಯಂತ್ರದೊಳಗೆ ಅದು ಎಲ್ಲಿ ಕೂತಿದೆ ಎಂಬ ಚಿಂತೆ ಕೇಳುವವನಿಗೆ ಬೇಡ ಅಂದರು ಕಾಡ್. ಇಂಥ ಕೋಷ್ಟಕಗಳಿಗೆ ಪ್ರಶ್ನೆ ಕೇಳಲು ಅದೇ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಪ್ರಕಟಿಸಿದ ಭಾಷೆ ಇವತ್ತಿನ ಎಸ್‌ಕ್ಯೂಎಲ್.

ವಿಟಿಯುನ 2015ರ ಪಠ್ಯಕ್ರಮದಲ್ಲಿ ಐದನೇ ಸೆಮಿಸ್ಟರಿನ ಲ್ಯಾಬಿಗೆ ಐದು ಡೇಟಾಬೇಸುಗಳಿದ್ದವು: ಲೈಬ್ರರಿ, ಆರ್ಡರ್, ಮೂವಿ, ಕಾಲೇಜ್, ಕಂಪನಿ. ಐದೂ ಒಳ್ಳೆಯ ಅಭ್ಯಾಸಗಳೇ. ಆದರೆ ಐದೂ ಅಚ್ಚುಕಟ್ಟು ಮಾಹಿತಿ. ಪುಸ್ತಕಕ್ಕೆ ಪ್ರಕಾಶಕ ಇದ್ದೇ ಇರ್ತಾನೆ, ವಿದ್ಯಾರ್ಥಿಗೆ ಯುಎಸ್‌ಎನ್ ಇದ್ದೇ ಇರುತ್ತೆ. ಅರ್ಧ ಸಾಲು ಸಿಡಿದುಹೋದ ವಿದ್ಯಾರ್ಥಿ ಇರೋದಿಲ್ಲ. ಹಾಗಾಗಿ ಈ ವಿಷಯದಲ್ಲಿ ನಮಗೆ ನಿಜಕ್ಕೂ ಬೇಕಾದ ಭಾಗ ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಮುಗಿದುಹೋಗುತ್ತೆ ಅಂತ ನನ್ನ ಅಭಿಪ್ರಾಯ.

ಆತಕೂರು ಶಾಸನವನ್ನೇ ತೆಗೆದುಕೊಳ್ಳೋಣ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು, ಬಹಳ ಜನ ನೋಡಿರ್ತೀರಿ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಇಮ್ಮಡಿ ಬೂತುಗ, ತಕ್ಕೋಲದ ಕಾಳಗದಲ್ಲಿ ಸತ್ತ ಚೋಳ ರಾಜಾದಿತ್ಯ, ಬೂತುಗನ ಕಡೆಯ ವೀರ ಮಣಲೇರ, ಅವನು ಕೇಳಿ ಪಡೆದ ಕಾಳಿ ಎಂಬ ನಾಯಿ, ಆ ನಾಯಿ ಕಾದಾಡಿ ಸತ್ತ ಹಂದಿ.

ಮೊದಲು ಇದಕ್ಕೊಂದು ಗುರುತಿನ ಸಂಖ್ಯೆ ಬೇಕು. ಡಿಬಿಎಂಎಸ್‌ನಲ್ಲಿ ಇದು ಪ್ರೈಮರಿ ಕೀ: ಎರಡು ಸಾಲಿಗೆ ಒಂದೇ ಇರಬಾರದು, ಖಾಲಿ ಇರಬಾರದು, ಬದಲಾಗದಿದ್ದರೆ ಒಳ್ಳೆಯದು. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಕೊಟ್ಟ 'ಮಂಡ್ಯ 41' ಇದೆಯಲ್ಲ ಅಂತೀರಿ. ಆದರೆ ಆತಕೂರು ಈಗ ಮದ್ದೂರು ತಾಲೂಕು. 1972ರಿಂದ ಮೈಸೂರು ವಿಶ್ವವಿದ್ಯಾಲಯ ತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳೇ ಬೇರೆ. ಫ್ಲೀಟ್ ಇದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲೂ ಪ್ರಕಟಿಸಿದ್ದಾರೆ. ಹಾಗಾಗಿ ಶಾಸನಕ್ಕೆ ಅರ್ಥವಿಲ್ಲದ ಒಂದು ಸಂಖ್ಯೆ ಕೊಟ್ಟುಬಿಡಿ, 'ಪ್ರಕಟಣೆ' ಅಂತ ಬೇರೆ ಕೋಷ್ಟಕ ಮಾಡಿ, ರೈಸರ ಸಂಖ್ಯೆ, ಫ್ಲೀಟರ ಸಂಖ್ಯೆ, ಹೊಸ ಸಂಪುಟದ ಸಂಖ್ಯೆ ಒಂದೊಂದೂ ಅಲ್ಲಿ ಒಂದೊಂದು ಸಾಲಾಗಲಿ. ಒಂದೇ ಶಾಸನ ಎರಡು ಸಂಖ್ಯೆಯಿಂದ ಎರಡು ಸಲ ಪಟ್ಟಿಗೆ ಸೇರೋದು ಹೀಗೆ ತಪ್ಪುತ್ತೆ.

ವ್ಯಕ್ತಿಗಳಿಗೂ ಹಾಗೇ. ಒಬ್ಬ ಅರಸ ಹತ್ತಾರು ಶಾಸನಗಳಲ್ಲಿ ಬರ್ತಾನೆ, ಒಂದು ಶಾಸನದಲ್ಲಿ ಹಲವರು ಬರ್ತಾರೆ. ಆದ್ದರಿಂದ ಶಾಸನ, ವ್ಯಕ್ತಿ ಎಂಬ ಎರಡು ಕೋಷ್ಟಕಗಳ ನಡುವೆ ಮೂರನೆಯದೊಂದು ಬೇಕು: ಯಾವ ಶಾಸನ, ಯಾವ ವ್ಯಕ್ತಿ, ಯಾವ ಪಾತ್ರ (ಆಳುತ್ತಿದ್ದವ, ದಾನಿ, ಸತ್ತವ), ಕಲ್ಲಿನಲ್ಲಿ ಹೆಸರು ಹೇಗಿದೆ. ಕಲ್ಲಿನ 'ಕನ್ನರದೇವ'ನೂ ನಮ್ಮ ಮೂರನೆಯ ಕೃಷ್ಣನೂ ಒಬ್ಬನೇ ಎಂಬುದು ಇಲ್ಲಿ ಜೋಡಿಯಾಗುತ್ತೆ. (ಕಾಳಿಯನ್ನು ವ್ಯಕ್ತಿಗಳ ಕೋಷ್ಟಕಕ್ಕೇ ಸೇರಿಸಿ. ಕಲ್ಲು ನೆಟ್ಟದ್ದೇ ಅದಕ್ಕಾಗಿ.) ಈ ಮೂರನ್ನೂ ಜಾಯಿನ್ ಮಾಡಿ ಎಣಿಸುವಾಗ ಮಾತ್ರ ಎಚ್ಚರ ಬೇಕು. ಹೆಸರಿರುವವರು ಐದು ಜನ ಇದ್ದರೆ ಆತಕೂರು ಐದು ಸಾಲಾಗಿ ಬರುತ್ತೆ, ಬರೀ 'ಕೌಂಟ್' ಹಾಕಿದರೆ ಐದು ಶಾಸನ ಅಂತ ಲೆಕ್ಕ ಕೊಡುತ್ತೆ. 'ಕೌಂಟ್ ಡಿಸ್ಟಿಂಕ್ಟ್' ಹಾಕಿ ಶಾಸನದ ಸಂಖ್ಯೆಯನ್ನೇ ಎಣಿಸಬೇಕು.

ಕಾಲದ ವಿಷಯಕ್ಕೆ ಬಂದರೆ, ಕಲ್ಲು ಹೇಳೋದು ಶಕ 872, ಸೌಮ್ಯ ಸಂವತ್ಸರ. 78 ಕೂಡಿಸಿದರೆ 950. ಆದರೆ ಸೌಮ್ಯ ಸಂವತ್ಸರ ಬರುವುದು 949-50ರಲ್ಲಿ, ಅಂದ್ರೆ ಇಲ್ಲಿ 872 ವರ್ತಮಾನ ವರ್ಷ, ಗತ ವರ್ಷ ಅಲ್ಲ. ಶಕ, ಸಂವತ್ಸರ, ತಿಥಿ, ವಾರ ಕಲ್ಲಿನಲ್ಲಿದ್ದಂತೆ ಬೇರೆ ಬೇರೆ ಕಾಲಂನಲ್ಲಿರಲಿ, ಲೆಕ್ಕ ಹಾಕಿ ತೆಗೆದ ಕ್ರಿ.ಶ. ಬೇರೆ ಕಾಲಂನಲ್ಲಿರಲಿ. ಎರಡನ್ನೂ ಒಂದೇ ಕೋಶದಲ್ಲಿ ತುರುಕಿದರೆ ಮುಂದೆ ತಿದ್ದುವವರಿಗೆ ಯಾವುದು ಕಲ್ಲಿನದು, ಯಾವುದು ನಮ್ಮದು ಗೊತ್ತಾಗಲ್ಲ.

ಈಗ ಆ ಎರಡು ಅಂಕದ ಪ್ರಶ್ನೆ: ನಲ್. ಕೋಶದಲ್ಲಿ ಏನೂ ಇಲ್ಲದಿದ್ದರೆ ಡೇಟಾಬೇಸ್ ಅದನ್ನು ನಲ್ ಅನ್ನುತ್ತೆ. ಅದು ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ, 'ತಿಳಿಯದು'. ಒಂದು ತಾಲೂಕಿನಲ್ಲಿ 100 ಶಾಸನ ಇವೆ ಅಂತಿಟ್ಟುಕೊಳ್ಳಿ (ಲೆಕ್ಕಕ್ಕಾಗಿ ಮಾಡಿದ ಉದಾಹರಣೆ). 40 ಹೊಯ್ಸಳರವು, 35 ಬೇರೆಯವರವು, 25ರಲ್ಲಿ ಮನೆತನ ತಿಳಿಯದು, ಕೋಶ ನಲ್. ಈಗ ಹೀಗೆ ಕೇಳಿ:

ಸೆಲೆಕ್ಟ್ ಕೌಂಟ್(*) ಫ್ರಮ್ ಶಾಸನ ವೇರ್ ಮನೆತನ <> 'ಹೊಯ್ಸಳ'

ಹೊಯ್ಸಳರದ್ದಲ್ಲದ್ದು ಎಷ್ಟು ಅಂತ ಅರ್ಥ. 60 ಬರಬೇಕು ಅನ್ಸುತ್ತೆ, ಬರೋದು 35. 'ತಿಳಿಯದು' ಎಂಬುದು ಹೊಯ್ಸಳಕ್ಕಿಂತ ಬೇರೆಯೋ ಅಂದರೆ ಯಂತ್ರದ ಉತ್ತರವೂ 'ತಿಳಿಯದು'. ವೇರ್ ಎಂಬುದು ಖಚಿತವಾಗಿ ಹೌದು ಅಂದ ಸಾಲನ್ನು ಮಾತ್ರ ಒಳಗೆ ಬಿಡುತ್ತೆ. ಎಣಿಕೆಯಿಂದ 25 ಕಲ್ಲು ಸದ್ದಿಲ್ಲದೆ ಹೋಯಿತು, ಎರರ್ ಕೂಡ ಬರಲ್ಲ. 40 ಮತ್ತು 35 ಇಟ್ಟುಕೊಂಡು ಯಾರಾದರೂ 'ಇಲ್ಲಿನ ಶಾಸನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊಯ್ಸಳರವು' ಅಂತ ಬರೆದರೆ ಅದು ತಪ್ಪು. ನೂರರಲ್ಲಿ ಖಚಿತವಾಗಿ ಹೊಯ್ಸಳರವು ಅನ್ನಬಹುದಾದದ್ದು 40 ಮಾತ್ರ.

ಇನ್ನೂ ದೊಡ್ಡ ತೊಂದರೆ ಏನಂದ್ರೆ, ಹೋಗುವ ಕಲ್ಲುಗಳು ಎಲ್ಲ ಬಗೆಯಲ್ಲೂ ಸಮನಾಗಿ ಹೋಗೋದಿಲ್ಲ. ದೇವಸ್ಥಾನದ ದಾನಶಾಸನದಲ್ಲಿ ಅರಸ, ಬಿರುದು, ತಿಥಿ, ವಾರ ಎಲ್ಲ ಇರುತ್ತೆ. ಊರ ಹೊರಗೆ ಬಿಸಿಲು ಮಳೆಗೆ ನಿಂತ ವೀರಗಲ್ಲಿನಲ್ಲಿ ಎಷ್ಟೋ ಸಲ ತುರು ಮರಳಿಸಲು ಹೋಗಿ ಸತ್ತವನ ಹೆಸರೊಂದೇ ಉಳಿದಿರುತ್ತೆ. ನಲ್ ಬೀಳೋದು ಅವನ ಸಾಲಿಗೇ. ಹೀಗೆ ಎಣಿಸಿದ ಇತಿಹಾಸದಲ್ಲಿ ದಾನಿಗಳು ಹೆಚ್ಚಾಗ್ತಾರೆ, ತುರುಗೊಳಲ್ಲಿ ಸತ್ತವರು ಕಮ್ಮಿಯಾಗ್ತಾರೆ.

ಪರಿಹಾರ ಕಷ್ಟದ್ದಲ್ಲ. ಪ್ರಶ್ನೆಯ ಕೊನೆಗೆ 'ಆರ್ ಮನೆತನ ಈಸ್ ನಲ್' ಸೇರಿಸಿದರೆ 60 ಬರುತ್ತೆ. ಗ್ರೂಪ್ ಬೈ ಹಾಕಿದರೆ ನಲ್‌ಗಳೆಲ್ಲ ಒಂದು ಗುಂಪಾಗಿ ಕಣ್ಣಿಗೆ ಬೀಳ್ತವೆ, ಪ್ರಕಟಿಸುವಾಗ ಆ ಗುಂಪನ್ನೂ ತೋರಿಸಿ. ಜಾಯಿನ್ ಬದಲು ಲೆಫ್ಟ್ ಜಾಯಿನ್ ಬಳಸಿದರೆ ಯಾರ ಹೆಸರೂ ಉಳಿಯದ ಶಾಸನ ಪಟ್ಟಿಯಿಂದ ಬೀಳೋದಿಲ್ಲ.

ಆದರೂ ಒಂದು ನಲ್ ನಮಗೆ ಸಾಲದು. ಕಲ್ಲು ಅರಸನನ್ನು ಹೆಸರಿಸಲೇ ಇಲ್ಲ ಎಂಬುದು ಒಂದು, ಹೆಸರಿತ್ತು ಸವೆದುಹೋಗಿದೆ ಎಂಬುದು ಇನ್ನೊಂದು, ಇನ್ನೂ ಯಾರೂ ಓದಿಲ್ಲ ಎಂಬುದು ಮತ್ತೊಂದು. ಕಾಡ್ ಕೂಡ 1990ರ ತಮ್ಮ ಪುಸ್ತಕದಲ್ಲಿ, ಇರಬೇಕಾದದ್ದು ಸಿಕ್ಕಿಲ್ಲ ಎಂಬುದಕ್ಕೂ ಅಲ್ಲಿ ಅದು ಅನ್ವಯಿಸುವುದೇ ಇಲ್ಲ ಎಂಬುದಕ್ಕೂ ಬೇರೆ ಬೇರೆ ಗುರುತು ಬೇಕು ಅಂದರು. ಎಸ್‌ಕ್ಯೂಎಲ್‌ನಲ್ಲಿ ಅದು ಬರಲಿಲ್ಲ. ಹಾಗಾಗಿ ಅರಸನ ಕಾಲಂ ಪಕ್ಕ 'ಸ್ಥಿತಿ' ಅಂತ ಒಂದು ಕಾಲಂ ಇಟ್ಟು, ಓದಿದೆ, ಊಹೆ, ಸವೆದಿದೆ, ಹೇಳಿಲ್ಲ, ನೋಡಿಲ್ಲ ಎಂಬ ಐದರಲ್ಲಿ ಒಂದನ್ನು ಬರೆಯಲೇಬೇಕು ಅಂತ ಕಟ್ಟುಪಾಡು ಹಾಕಿ. ಚೆಕ್ ಮತ್ತು ನಾಟ್ ನಲ್ ಎಂಬ ಎರಡು ನಿಬಂಧನೆ ಸಾಕು, ಬೇರೇನು ಟೈಪ್ ಮಾಡಿದರೂ ಡೇಟಾಬೇಸ್ ಒಪ್ಪಲ್ಲ.

ಇದೆಲ್ಲಕ್ಕೆ ಕಾಲೇಜಿಗೆ ಸೇರಬೇಕಿಲ್ಲ. ಎಸ್‌ಕ್ಯೂಲೈಟ್ ಉಚಿತ, ಇಡೀ ಡೇಟಾಬೇಸ್ ಒಂದೇ ಫೈಲು, ಪೆನ್‌ಡ್ರೈವಿಗೆ ನಕಲು ಮಾಡಿಟ್ಟರೆ ಅದೇ ಬ್ಯಾಕಪ್. ನಿಮ್ಮ ಎಕ್ಸೆಲ್ ಪಟ್ಟಿಯನ್ನು ಸಿಎಸ್‌ವಿ ಮಾಡಿ ಅದರೊಳಗೆ ತನ್ನಿ. ಒಂದು ಎಚ್ಚರಿಕೆ: ಹೀಗೆ ತಂದ ಖಾಲಿ ಕೋಶ ನಲ್ ಆಗದೆ ಖಾಲಿ ಅಕ್ಷರವಾಗಿಯೂ ಕೂತಿರಬಹುದು, ಅದನ್ನು ಮೊದಲೇ ನೋಡಿಕೊಳ್ಳಿ. ಆಮೇಲೆ ಯಾವ ಕಾಲಂನಲ್ಲಿ ಎಷ್ಟು ನಲ್ ಇದೆ ಎಂಬುದನ್ನು ಎಣಿಸಿ, ಬೇರೆ ಪ್ರಶ್ನೆಗಳೆಲ್ಲ ಅದರ ನಂತರ.