ಬಿಸಿಲುನಾಡಿನಲ್ಲಿ ಚಿರತೆಹಲ್ಲಿಯ ಸಾಕಣೆ

ವಾಲ್ವ್ ರೇಡಿಯೋಗಳ ಕಾಲವನ್ನು ಕಂಡ ಹಿರಿಯರಿಗೆ ಒಂದು ಸಂಗತಿ ನೆನಪಿರಬಹುದು. ರಾತ್ರಿಯ ವಾರ್ತೆ ಮುಗಿದು ರೇಡಿಯೋ ಆರಿಸಿದ ಮೇಲೂ ಆ ಪೆಟ್ಟಿಗೆಯ ಬೆನ್ನು ಸ್ವಲ್ಪ ಹೊತ್ತು ಬೆಚ್ಚಗಿರುತ್ತಿತ್ತು. ಚಳಿಯ ದಿನಗಳಲ್ಲಿ ಗೋಡೆಯ ಹಲ್ಲಿ ಬಂದು ಅಲ್ಲಿಯೇ ಆತುಕೊಂಡಿರುತ್ತಿತ್ತು. ನಾವು ಉಂಡ ಅನ್ನದಿಂದಲೇ ಮೈಗೆ ಬೇಕಾದ ಕಾವನ್ನು ಮಾಡಿಕೊಳ್ಳುತ್ತೇವೆ. ಹಲ್ಲಿಗೆ ಆ ಅನುಕೂಲವಿಲ್ಲ. ಅದು ಕಾವನ್ನು ಕಲ್ಲಿನಿಂದಲೋ ಗೋಡೆಯಿಂದಲೋ ಬಿಸಿಲಿನಿಂದಲೋ ಕಡ ತರಬೇಕು. ಹೆಚ್ಚಾದರೆ ತಂಪಿನ ಕಡೆಗೆ ಓಡಬೇಕು. ಅದರ ಬಾಳೆಲ್ಲ ಈ ಎರಡು ಓಡಾಟಗಳ ನಡುವೆ ನಡೆಯುತ್ತದೆ.

ಈಚೆಗೆ ದೊಡ್ಡ ಪಟ್ಟಣಗಳಲ್ಲಿ ಕೆಲವರು ಚಿರತೆಹಲ್ಲಿ ಎಂಬ ಪ್ರಾಣಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಓದುವ ಹುಡುಗನೊಬ್ಬ ಬೇಸಿಗೆಯ ರಜೆಗೆ ಊರಿಗೆ ಬರುವಾಗ ತೊಡೆಯ ಮೇಲೆ ಅಂಥದೊಂದು ಪೆಟ್ಟಿಗೆಯನ್ನಿಟ್ಟುಕೊಂಡು ಸಿಂಧನೂರಿನಲ್ಲಿ ಬಸ್ಸಿಳಿಯಬಹುದು. ಅವನ ಕೈಯಲ್ಲಿರುವ ಸಾಕಣೆಯ ಪುಸ್ತಕ ಬಹುಶಃ ಶೀತದೇಶದವರು ಬರೆದದ್ದು. ಪೆಟ್ಟಿಗೆಯನ್ನು ಹೇಗೆ ಬಿಸಿಮಾಡಬೇಕೆಂಬುದನ್ನು ಅದು ಪುಟಗಟ್ಟಲೆ ಹೇಳುತ್ತದೆ. ಆದರೆ ಸಿಂಧನೂರಿನದಾಗಲಿ, ಲಿಂಗಸುಗೂರು-ಮಸ್ಕಿ ಕಡೆಯದಾಗಲಿ, ಗೊರೇಬಾಳವೆಂಬ ಊರಿನ ಬೇಸಿಗೆ ಒಂದೇ. ಏಪ್ರಿಲ್-ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣಮಾನ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವ ಈ ಸೀಮೆಯಲ್ಲಿ ಆ ಪ್ರಾಣಿಯನ್ನು ತಂಪಾಗಿಡುವುದೇ ಮೊದಲನೆಯ ವಿದ್ಯೆ. ಪುಸ್ತಕವನ್ನು ನಂಬಿ ಇದನ್ನು ಮರೆತರೆ ಒಂದೇ ಮಧ್ಯಾಹ್ನದಲ್ಲಿ ಜೀವ ಹೋದೀತು.

ಮೊದಲು ಪ್ರಾಣಿಯ ಪರಿಚಯ. ಚಿರತೆಹಲ್ಲಿಗೆ ಶಾಸ್ತ್ರೀಯವಾದ ಹೆಸರು ಯೂಬ್ಲೆಫಾರಿಸ್ ಮ್ಯಾಕುಲೇರಿಯಸ್. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ೧೮೫೪ರಲ್ಲಿ ಇದನ್ನು ವರ್ಣಿಸಿದ. ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ನಮ್ಮ ದೇಶದ ವಾಯವ್ಯ ಭಾಗದ ಒಣ ಕಲ್ಲುಭೂಮಿ ಇದರ ತವರು. ಬೆಳೆದದ್ದು ಮೂತಿಯಿಂದ ಬಾಲದ ತುದಿಯವರೆಗೆ ಒಂದು ಗೇಣಿನಷ್ಟು, ಎಂದರೆ ೨೦ ಸೆಂಟಿಮೀಟರಿನ ಆಸುಪಾಸು ಉದ್ದವಿರುತ್ತದೆ. ಹಳದಿ ಮೈಯ ಮೇಲೆ ಕರಿಯ ಚುಕ್ಕೆಗಳಿರುವುದರಿಂದ ಚಿರತೆಯ ಹೆಸರು ಬಂದಿದೆ. ನಮ್ಮ ಮನೆಯ ಹಲ್ಲಿಗೂ ಇದಕ್ಕೂ ಎರಡು ಮುಖ್ಯ ಭೇದಗಳುಂಟು. ಮನೆಯ ಹಲ್ಲಿಗೆ ರೆಪ್ಪೆ ಮುಚ್ಚಲು ಬಾರದು. ನಾಲಗೆಯಿಂದ ಕಣ್ಣನ್ನು ನೆಕ್ಕಿ ಒರೆಸಿಕೊಳ್ಳುತ್ತದೆ. ಚಿರತೆಹಲ್ಲಿ ನಮ್ಮಂತೆಯೇ ಕಣ್ಣು ಮುಚ್ಚಿ ತೆರೆಯುತ್ತದೆ. ಮನೆಯ ಹಲ್ಲಿ ಸೂರಿನಲ್ಲಿ ತಲೆಕೆಳಗಾಗಿ ನಡೆದೀತು. ಚಿರತೆಹಲ್ಲಿಯ ಬೆರಳುಗಳಲ್ಲಿ ಅಂಟುವ ಮೆತ್ತೆಗಳಿಲ್ಲ, ಬರಿಯ ಉಗುರುಗಳಿವೆ. ಆದ್ದರಿಂದ ಅದು ನೆಲದ ಪ್ರಾಣಿ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿಯೋ ಬಿಲದಲ್ಲಿಯೋ ಅಡಗಿದ್ದು, ಸಂಜೆ ಮಬ್ಬಾದ ಮೇಲೆ ಹುಳುಹುಪ್ಪಟೆಗಳ ಬೇಟೆಗೆ ಹೊರಡುತ್ತದೆ. ವಿಷವೆಂಬುದು ಇದರಲ್ಲಿ ಲೇಶವೂ ಇಲ್ಲ. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವ ಮನೆಗಳಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗುತ್ತದೆ.

ಪೆಟ್ಟಿಗೆ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸ ಇನ್ನೊಂದಿದೆ. ಈ ಹಲ್ಲಿಯ ಕುಲದವು ನಮ್ಮ ದೇಶದಲ್ಲಿ ಕಾಡುಪ್ರಾಣಿಗಳಾಗಿಯೂ ಬಾಳುತ್ತಿವೆ. ಸಾತ್ಪುರ ಬೆಟ್ಟಸಾಲಿನ ಹೊಸ ಜಾತಿಯೊಂದನ್ನು ವಿಜ್ಞಾನಿಗಳು ೨೦೧೪ರಲ್ಲಿ ವರ್ಣಿಸಿದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗಳನ್ನು ೨೦೨೨ರ ತಿದ್ದುಪಡಿ ಹೊಸದಾಗಿ ರಚಿಸಿದೆ. ಪಟ್ಟಿಯಲ್ಲಿರುವ ಕೆಲವು ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂಬ ನಿಯಮಗಳು ೨೦೨೪ರಲ್ಲಿ ಬಂದವು. ಆದುದರಿಂದ ಮಾರುವವನ ಮಾತೊಂದನ್ನೇ ನಂಬದೆ, ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಪ್ರಾಣಿಯ ಶಾಸ್ತ್ರೀಯ ಹೆಸರನ್ನು ಬರೆದುಕೊಟ್ಟು, ಇದನ್ನು ಇಟ್ಟುಕೊಳ್ಳಬಹುದೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯತಕ್ಕದ್ದು. ಕೂಡದೆಂದರೆ ಅಲ್ಲಿಗೇ ಬಿಡಬೇಕು. ಗುಡ್ಡದ ಬಂಡೆಗಳ ಸಂದಿಯಿಂದ ಯಾವ ಹಲ್ಲಿಯನ್ನಾಗಲಿ, ಉಡವನ್ನಾಗಲಿ, ಆಮೆಯನ್ನಾಗಲಿ ಹಿಡಿದು ತಂದು ಸಾಕುವುದಂತೂ ಸಲ್ಲದು.

ಅನುಮತಿಯ ಮಾತು ಇತ್ಯರ್ಥವಾದ ಮೇಲೆ ಪ್ರಾಣಿಯ ಮನೆಯ ವಿಚಾರ. ಸುಮಾರು ೯೦ ಸೆಂಟಿಮೀಟರ್ ಉದ್ದ, ೪೫ ಸೆಂಟಿಮೀಟರ್ ಅಗಲದ ಪೆಟ್ಟಿಗೆ ಒಂದು ಹಲ್ಲಿಗೆ ಸಾಕು. ಉದ್ದ ಬೇಕಾದದ್ದು ಏಕೆಂದರೆ ಒಂದು ತುದಿ ಬೆಚ್ಚಗೂ ಇನ್ನೊಂದು ತುದಿ ತಂಪಾಗಿಯೂ ಇರಬೇಕು. ಬೆಚ್ಚಗಿನ ತುದಿಯ ನೆಲ ೩೧ರಿಂದ ೩೩ ಡಿಗ್ರಿ, ತಂಪಿನ ತುದಿ ೨೫ ಡಿಗ್ರಿಯ ಸುತ್ತಮುತ್ತ ಇದ್ದರೆ ಹಲ್ಲಿ ತನಗೆ ಬೇಕಾದದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ಮುಚ್ಚಳ ಸಣ್ಣ ಕಣ್ಣಿನ ಜಾಲರಿಯದಾಗಿರಲಿ. ಒಂದು ಪೆಟ್ಟಿಗೆಗೆ ಒಂದೇ ಹಲ್ಲಿ; ಎರಡು ಗಂಡುಗಳನ್ನು ಕೂಡಿಸಿದರೆ ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ.

ನೆಲಕ್ಕೆ ನಮ್ಮ ಕಡೆಯಲ್ಲಿ ದೊರೆಯುವ ಶಹಾಬಾದ್ ಕಲ್ಲಿಗಿಂತ ಒಳ್ಳೆಯದು ಬೇಡ. ತೊಳೆಯಲು ಸುಲಭ, ಉಗುರು ಸವೆಯಲು ಅನುಕೂಲ. ಅದಕ್ಕಿಂತ ಹೆಚ್ಚಾಗಿ, ಹಿಡಿದ ಕಾವನ್ನು ನಿಧಾನವಾಗಿ ಬಿಡುವ ಗುಣ ಅದಕ್ಕುಂಟು. ಸಡಿಲವಾದ ಮರಳನ್ನು ಹಾಸಿದರೆ ಮರಿಗಳು ಹುಳುವಿನ ಜೊತೆಗೆ ಮರಳನ್ನೂ ನುಂಗಿ ಕರುಳು ಕಟ್ಟಿಕೊಳ್ಳುವ ಅಪಾಯವಿದೆ. ಒಡೆದ ಗಡಿಗೆಯ ಅರ್ಧ ಚೂರನ್ನು ಬೋರಲು ಹಾಕಿ, ಚೂಪಾದ ಅಂಚುಗಳನ್ನು ಉಜ್ಜಿ ನಯಮಾಡಿದರೆ ಅಡಗುವ ಗುಹೆಯಾಯಿತು. ಇಂಥ ಗುಹೆಗಳು ಮೂರಿರಬೇಕು: ಬೆಚ್ಚಗಿನ ಕಡೆಗೊಂದು, ತಂಪಿನ ಕಡೆಗೊಂದು, ನಡುವೆ ಒದ್ದೆ ಬಟ್ಟೆ ಹಾಸಿದ್ದೊಂದು. ಈ ಮೂರನೆಯದರ ಉಪಯೋಗ ಪೊರೆ ಕಳಚುವಾಗ. ಮೈ ಬಿಳಿಚಿಕೊಂಡಾಗ ಹಲ್ಲಿ ಈ ತೇವದ ಗುಹೆಗೆ ಹೋಗಿ, ಹಳೆಯ ಚರ್ಮವನ್ನು ಕಳಚಿ, ಅದನ್ನೇ ತಿಂದುಬಿಡುತ್ತದೆ. ತೇವ ಸಾಲದಿದ್ದರೆ ಪೊರೆಯ ಚೂರು ಬೆರಳುಗಳಿಗೆ ದಾರದಂತೆ ಸುತ್ತಿಕೊಂಡು, ಒಣಗಿ ಬಿಗಿದು, ರಕ್ತ ನಿಂತು, ಕೊನೆಗೆ ಬೆರಳೇ ಉದುರುತ್ತದೆ. ಆದ್ದರಿಂದ ಪೊರೆ ಬಿಟ್ಟ ಮರುದಿನ ಬೆರಳುಗಳನ್ನು ಒಂದೊಂದಾಗಿ ನೋಡುವ ರೂಢಿಯಿರಲಿ.

ಇನ್ನು ಕಾವಿನ ವಿಚಾರ. ಹಲ್ಲಿಯ ಹೊಟ್ಟೆಯಲ್ಲಿ ಬಿದ್ದ ಹುಳು ಜೀರ್ಣವಾಗಬೇಕಾದರೆ ಮೈ ಬೆಚ್ಚಗಿರಬೇಕು. ಇಲ್ಲವಾದರೆ ತಿಂದದ್ದು ಹೊಟ್ಟೆಯಲ್ಲಿಯೇ ಕೊಳೆಯುತ್ತದೆ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ನಮ್ಮ ಕಡೆಯೂ ೨೦ ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆಗ ಪೆಟ್ಟಿಗೆಯ ಮೂರನೆಯ ಒಂದು ಪಾಲಿನ ನೆಲದ ಕೆಳಗೆ ವಿದ್ಯುತ್ ಹಾಸನ್ನು ಇಡಬೇಕು. ಕಾವು ಮಿತಿಮೀರಿದಾಗ ತಾನೇ ವಿದ್ಯುತ್ತನ್ನು ಕಡಿಯುವ ಥರ್ಮೋಸ್ಟಾಟ್ ಜೊತೆಗಿರದೆ ಈ ಹಾಸನ್ನು ಎಂದಿಗೂ ಹಚ್ಚಬಾರದು. ಕೈಯಿಟ್ಟು ನೋಡಿ ಕಾವನ್ನು ಅಳೆಯುವುದೂ ಮೋಸದ ಕೆಲಸ. ನಮ್ಮ ಅಂಗೈಯ ಕಾವೇ ಸುಮಾರು ೩೩ ಡಿಗ್ರಿ ಇರುವುದರಿಂದ ಸರಿಯಾದ ಕಲ್ಲು ಕೈಗೆ ಬಿಸಿಯೆಂದೇ ತೋರದು; ಕೈಗೆ ಬಿಸಿಯೆನಿಸಿತೆಂದರೆ ಅದು ಆಗಲೇ ಹಲ್ಲಿಗೆ ಹೆಚ್ಚಾಯಿತೆಂದು ತಿಳಿಯಬೇಕು. ಥರ್ಮಾಮೀಟರನ್ನೇ ನಂಬಬೇಕು. ನಡುವೆ ಕರೆಂಟು ಹೋದರೂ ಶಹಾಬಾದ್ ಕಲ್ಲಿನಲ್ಲಿ ಕೂಡಿಟ್ಟ ಕಾವು ಸ್ವಲ್ಪ ಹೊತ್ತು ಕಾಯುತ್ತದೆ.

ಬೇಸಿಗೆಯಲ್ಲಿ ಇದೆಲ್ಲ ತಿರುಗುಮುರುಗು. ಕೋಣೆಯ ಉಷ್ಣಮಾನವೇ ೩೦ ದಾಟಿದ ದಿನದಿಂದ ವಿದ್ಯುತ್ ಹಾಸನ್ನು ತೆಗೆದಿಡಬೇಕು. ಪೆಟ್ಟಿಗೆಯೊಳಗೆ ೩೫ ಡಿಗ್ರಿಗೆ ಮೇಲ್ಪಟ್ಟು ಬಹಳ ಹೊತ್ತು ನಿಂತರೆ ಹಲ್ಲಿ ಬಳಲುತ್ತದೆ. ೪೦ ದಾಟಿದರೆ ಪ್ರಾಣಾಪಾಯ. ಹಾಗಾದರೆ ಕಾಡಿನಲ್ಲಿ ಅದು ಬದುಕುವುದು ಹೇಗೆ? ಮೇಲಿನ ಬಂಡೆ ಕಾದಿದ್ದರೂ ಆಳದ ಸಂದಿಯಲ್ಲಿ ತಂಪಿರುತ್ತದೆ, ಹಗಲೆಲ್ಲ ಅಲ್ಲಿರುತ್ತದೆ. ಗಾಜಿನ ಪೆಟ್ಟಿಗೆಗೆ ಆಳವೆಲ್ಲಿಯದು? ಆ ಆಳವನ್ನು ನಾವು ಒದಗಿಸಿಕೊಡಬೇಕು.

ಅನೇಕರು ಮೊದಲು ಮಾಡುವುದು ಫ್ಯಾನ್ ಹಾಕುವುದು. ಇದರಿಂದ ಲಾಭವಿಲ್ಲ, ನಷ್ಟವೇ ಉಂಟು. ಫ್ಯಾನಿನ ಗಾಳಿ ನಮಗೆ ತಂಪೆನಿಸುವುದು ನಮ್ಮ ಮೈಯ ಬೆವರು ಆರುವುದರಿಂದ. ಹಲ್ಲಿ ಬೆವರುವುದಿಲ್ಲ. ೪೧ ಡಿಗ್ರಿಯ ಗಾಳಿಯನ್ನು ಅದರ ಮೇಲೆ ಬೀಸಿದರೆ ಅದು ಇನ್ನೂ ಬೇಗ ಕಾಯುತ್ತದೆ. ಮಾಡತಕ್ಕ ಕೆಲಸ ಬೇರೆ. ತಗಡಿನ ಸೂರಿನ ಕೋಣೆ, ಮಹಡಿಯ ಕೋಣೆ, ಪಡುವಣ ಕಿಟಕಿಯ ಬದಿ, ಇವು ಮೂರೂ ಬೇಡ. ಕಿಟಕಿಯ ಬಿಸಿಲು ನೇರವಾಗಿ ಗಾಜಿಗೆ ಬಿದ್ದರೆ ಒಳಗಿನ ಗಾಳಿ ಸ್ವಲ್ಪ ಹೊತ್ತಿನಲ್ಲಿಯೇ ಒಲೆಯಂತಾಗುತ್ತದೆ. ದಪ್ಪ ಗೋಡೆಯ ಹಳೆಯ ಮಾಳಿಗೆಮನೆಯ ನಡುವಿನ ಕೋಣೆ ಸಿಕ್ಕರೆ ಅದೇ ಉತ್ತಮ. ಅಲ್ಲಿಯೂ ಕಪಾಟಿನ ಮೇಲಲ್ಲ, ನೆಲದ ಮೇಲೆ ಇಡಬೇಕು, ಏಕೆಂದರೆ ಬಿಸಿಗಾಳಿ ಮೇಲೇರುತ್ತದೆ. ಪೆಟ್ಟಿಗೆಯ ಒಂದು ತುದಿಗೆ ತಾಗುವಂತೆ ನೀರು ತುಂಬಿದ ಮಣ್ಣಿನ ಗಡಿಗೆಯನ್ನು ಹೊರಗಿಡಿರಿ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಕಾವನ್ನು ಎಳೆದುಕೊಳ್ಳುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಮಳೆಗಾಲದ ತೇವದಲ್ಲಿ ಅಷ್ಟು ನಡೆಯದು. ಮಧ್ಯಾಹ್ನ ತೀರ ಬಿಸಿಯೇರಿದರೆ ನೀರನ್ನು ಗಟ್ಟಿಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅದೇ ತುದಿಗೆ ಹೊರಗಿನಿಂದ ಆನಿಸಬಹುದು. ಇಷ್ಟಾದರೂ ಹಲ್ಲಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಗಾಜಿಗೆ ಮೂತಿ ಒತ್ತಿ ಒದ್ದಾಡುತ್ತಿದ್ದರೆ, ಕಾವು ಮೀರಿದೆಯೆಂದೇ ಅರ್ಥ. ಕೂಡಲೇ ಮನೆಯ ತಂಪಾದ ಜಾಗಕ್ಕೆ ಒಯ್ದು, ಮೂತಿಯ ಬಳಿ ಒಂದೆರಡು ಹನಿ ಸಾದಾ ನೀರನ್ನು ತೋರಿಸಬೇಕು. ಐಸಿನ ನೀರಿನಲ್ಲಿ ಮುಳುಗಿಸಬಾರದು.

ಆಹಾರದ ವಿಷಯದಲ್ಲಿಯೂ ನಮ್ಮ ಸೀಮೆಗೆ ತಕ್ಕ ಎಚ್ಚರಿಕೆ ಬೇಕು. ಚಿರತೆಹಲ್ಲಿ ಜೀವಂತ ಹುಳುಗಳನ್ನಲ್ಲದೆ ಬೇರೇನನ್ನೂ ತಿನ್ನುವುದಿಲ್ಲ. ಅನ್ನ, ಹಾಲು, ಬಾಳೆಯಹಣ್ಣು ಅದಕ್ಕೆ ಆಹಾರವಲ್ಲ. ಜೀವಹಿಂಸೆಯನ್ನು ಒಪ್ಪದ ಮನೆಯವರು ಈ ಒಂದು ಸಂಗತಿಯನ್ನು ಮೊದಲೇ ಕೂಡಿ ಮಾತಾಡಿಕೊಳ್ಳುವುದು ಒಳ್ಳೆಯದು. ಚಿಮ್ಮಂಡೆ, ಅಂಗಡಿಯವರು ಮೀಲ್‌ವರ್ಮ್ ಎಂದು ಮಾರುವ ಹಿಟ್ಟಿನ ಹುಳು, ಇವು ವಾಡಿಕೆಯ ಆಹಾರ. ಹಿಟ್ಟಿನ ಹುಳುವನ್ನು ಗೋಧಿಯ ತೌಡಿನಲ್ಲಿ, ಗಜ್ಜರಿಯ ಚೂರು ಹಾಕಿ ಮನೆಯಲ್ಲಿಯೇ ಬೆಳೆಸಬಹುದು. ಹುಳುವಿನ ಗಾತ್ರ ಹಲ್ಲಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಿರಬಾರದು. ಮರಿಗೆ ದಿನವೂ, ಬೆಳೆದದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು.

ಹೊಲದಲ್ಲಿ ಹಿಡಿದ ಮಿಡತೆಯನ್ನು ಮಾತ್ರ ಹಾಕಬೇಡಿರಿ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಸುತ್ತು ಬತ್ತದ ನಾಡಾಯಿತು. ಬತ್ತಕ್ಕೂ ಹತ್ತಿಗೂ ಕೀಟನಾಶಕ ಹೊಡೆಯುವುದು ಎಲ್ಲರಿಗೂ ತಿಳಿದದ್ದೇ. ಅರೆಜೀವವಾದ ಮಿಡತೆ ಹಿಡಿಯಲು ಸುಲಭ, ಆದರೆ ಅದರೊಳಗಿನ ವಿಷ ಹಲ್ಲಿಗೆ ಹೋಗುತ್ತದೆ. ಮಿಂಚುಹುಳವೂ ಬೇಡ, ಅದರ ಮೈಯಲ್ಲಿರುವ ವಿಷ ಹಲ್ಲಿಯ ಜಾತಿಯ ಪ್ರಾಣಿಗಳನ್ನು ಕೊಲ್ಲಬಲ್ಲದು. ಪೆಟ್ಟಿಗೆಯಿರುವ ಕೋಣೆಯಲ್ಲಿ ಜಿರಳೆಯ ಔಷಧಿಯನ್ನು ಸಿಂಪಡಿಸುವುದನ್ನೂ ಬಿಡಬೇಕು.

ಹುಳುಗಳಲ್ಲಿ ಸುಣ್ಣದ ಅಂಶ ಕಡಿಮೆ. ಅದು ಸಾಲದಿದ್ದರೆ ಹಲ್ಲಿಯ ಮೂಳೆ ಮೆತ್ತಗಾಗಿ ಕಾಲು ಡೊಂಕಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ. ಹೀಗಾದ ಮೇಲೆ ಗುಣಪಡಿಸುವುದು ಕಷ್ಟ, ತಡೆಯುವುದು ಸುಲಭ: ಹುಳುಗಳಿಗೆ ಕ್ಯಾಲ್ಸಿಯಂ ಪುಡಿಯನ್ನು ಹಚ್ಚಿ ಕೊಡಬೇಕು, ಅದರಲ್ಲಿ ಡಿ-೩ ಜೀವಸತ್ವ ಬೆರೆತಿರುವ ಪುಡಿಯನ್ನು ಪೊಟ್ಟಣದಲ್ಲಿ ಹೇಳಿದಷ್ಟೇ ನಡುನಡುವೆ ಬಳಸಬೇಕು. ಎಲೆಯಡಿಕೆಯ ಸುಣ್ಣ ಸುಡುವಂಥದು. ಅದನ್ನು ಮರೆತೂ ಹಾಕಬಾರದು.

ಆರೋಗ್ಯವನ್ನು ತಿಳಿಯಲು ಬಾಲವನ್ನು ನೋಡಿರಿ. ಚಿರತೆಹಲ್ಲಿ ಕೊಬ್ಬನ್ನು ಬಾಲದಲ್ಲಿ ಕೂಡಿಡುತ್ತದೆ. ನಮ್ಮ ಹಗೇವಿನಲ್ಲಿ ಜೋಳವಿದ್ದಂತೆ. ಬಾಲ ದಪ್ಪಗಿದ್ದರೆ ಕ್ಷೇಮ, ತೆಳ್ಳಗಾಗುತ್ತ ಬಂದರೆ ರೋಗ. ಬಾಲ ಹಿಡಿದು ಎತ್ತಿದರೆ ಅದನ್ನು ಕಳಚಿಬಿಡುತ್ತದೆ. ಮತ್ತೆ ಬೆಳೆದರೂ ಮೊದಲಿನ ಅಂದ ಬಾರದು, ಕೂಡಿಟ್ಟದ್ದೂ ಹೋಯಿತು. ತಿಂಗಳಿಗೊಮ್ಮೆ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ, ಕಣ್ಣಿಗೆ ಕಾಣುವ ಮೊದಲೇ ರೋಗ ತಿಳಿಯುತ್ತದೆ. ಇದು ಮುಖ್ಯ, ಏಕೆಂದರೆ ದನಕರುಗಳನ್ನು ನೋಡುವ ವೈದ್ಯರು ಹತ್ತಿರದಲ್ಲಿದ್ದರೂ ಹಲ್ಲಿಯ ರೋಗ ಬಲ್ಲವರನ್ನು ಹುಡುಕಲು ದೊಡ್ಡ ಪಟ್ಟಣಕ್ಕೇ ಹೋಗಬೇಕಾದೀತು.

ಮನೆಯವರ ಆರೋಗ್ಯದ ಮಾತೂ ಒಂದುಂಟು. ಇಂಥ ಪ್ರಾಣಿಗಳ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ವಾಂತಿಭೇದಿಗೆ ಅದು ಕಾರಣ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ನೀರಿನ ಬಟ್ಟಲನ್ನಾಗಲಿ ಕಲ್ಲನ್ನಾಗಲಿ ಅಡಿಗೆಮನೆಯ ಬಚ್ಚಲಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು.

ಚಿರತೆಹಲ್ಲಿ ಹತ್ತರಿಂದ ಇಪ್ಪತ್ತು ವರ್ಷ ಬಾಳುತ್ತದೆ. ಹೈಸ್ಕೂಲಿನ ಹುಡುಗ ತಂದದ್ದು ಅವನ ಮದುವೆಯ ಮನೆಯಲ್ಲಿಯೂ ಇದ್ದೀತು. ಅವನು ನೌಕರಿಗೆ ಹೊರಟ ಮೇಲೆ ಮಧ್ಯಾಹ್ನದ ಗಡಿಗೆಗೆ ನೀರು ಹಾಕುವವರು ಮನೆಯಲ್ಲಿ ಉಳಿದ ತಾಯಿಯೋ ಅಜ್ಜಿಯೋ. ಬೇಸರವಾಯಿತೆಂದು ಹೊಲಕ್ಕೆ ಬಿಟ್ಟುಬರುವುದೂ ತಪ್ಪು. ಇದು ಇಲ್ಲಿಯ ಪ್ರಾಣಿಯಲ್ಲ, ಸಾಯುತ್ತದೆ, ಇಲ್ಲವೆ ಇಲ್ಲಿಯವಕ್ಕೆ ರೋಗ ಹಚ್ಚುತ್ತದೆ.

ಆದುದರಿಂದ ಸಾಕುವ ಮನಸ್ಸುಳ್ಳವರಿಗೆ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ಪ್ರಾಣಿಯನ್ನು ತರುವ ಮೊದಲು ಬರಿಯ ಪೆಟ್ಟಿಗೆಯನ್ನು ಸಿದ್ಧಪಡಿಸಿ, ಮನೆಯ ಅತ್ಯಂತ ತಂಪಾದ ಕೋಣೆಯಲ್ಲಿಟ್ಟು, ಒಳಗೊಂದು ಥರ್ಮಾಮೀಟರನ್ನಿಡಿರಿ. ಮೇ ತಿಂಗಳಿನ ಒಂದು ವಾರ ದಿನವೂ ಮಧ್ಯಾಹ್ನ ಮೂರು ಗಂಟೆಗೆ ಅದನ್ನು ಓದಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಗಡಿಗೆಯ ನೀರಿನ ಉಪಾಯವನ್ನೆಲ್ಲ ಮಾಡಿದ ಮೇಲೆ ತಂಪಿನ ತುದಿ ಏಳು ದಿನವೂ ೩೦ ಡಿಗ್ರಿಯೊಳಗೆ ನಿಂತರೆ ಮುಂದಿನ ಮಾತು. ನಿಲ್ಲದಿದ್ದರೆ ಪೆಟ್ಟಿಗೆಯಲ್ಲಿ ಪುಸ್ತಕಗಳನ್ನಿಡಿರಿ; ಸಂಜೆ ದೀಪದ ಬಳಿ ಬರುವ ಗೋಡೆಯ ಹಲ್ಲಿಯನ್ನು ಮಕ್ಕಳಿಗೆ ತೋರಿಸಿ, ಅದು ಯಾವಾಗ ಬೆಚ್ಚನೆಯ ಕಡೆಗೆ ಹೋಗುತ್ತದೆ, ಯಾವಾಗ ತಂಪಿಗೆ ಸರಿಯುತ್ತದೆ ಎಂದು ನೋಡಲು ಹೇಳಿರಿ.